ಕೊಂಡ ಬೆಲೆ, ಹೇಳಿದ ಬೆಲೆ

ಲಿಫ್ಟ್ ಮೆಕ್ಯಾನಿಕ್‌ಗೆ ಕುಡಿತವಿರಲಿಲ್ಲ, ಜೂಜಿರಲಿಲ್ಲ. ಇದ್ದದ್ದು ಒಂದೇ ಚಟ, ಹೊಸ ಹವ್ಯಾಸದ್ದು. ಒಂದು ವರ್ಷ ಗಿಟಾರ್, ಮರುವರ್ಷ ಮೀನಿನ ಗಾಳ, ಅದರಾಚೆ ದೂರದರ್ಶಕ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಎಂಬಂತೆ ಮೂರು ತಿಂಗಳು ಊಟ ನಿದ್ದೆ ಬಿಟ್ಟು ಅದರ ಹಿಂದೆ ಬೀಳುತ್ತಿದ್ದ. ನಾಲ್ಕನೇ ತಿಂಗಳು ವಸ್ತು ಬೀರುವಿನ ತಲೆ ಮೇಲೆ ಹೋಗಿ ಕೂರುತ್ತಿತ್ತು.

ಪ್ರತಿ ಸಲವೂ ಹೆಂಡತಿ ಕೇಳುತ್ತಿದ್ದಳು, "ಎಷ್ಟಾಯ್ತು ರೀ?"

ಅವನು ಕಣ್ಣು ಮಿಟುಕಿಸದೆ ನಿಜವಾದ ಬೆಲೆಯ ಕಾಲು ಭಾಗಕ್ಕೂ ಕಡಿಮೆ ಹೇಳುತ್ತಿದ್ದ. "ಸೆಕೆಂಡ್ ಹ್ಯಾಂಡ್ ಕಣೇ. ಬಿಟ್ಟಿ ಸಿಕ್ಕ ಹಾಗೆ."

ಹೀಗೇ ಇಪ್ಪತ್ತು ವರ್ಷ ಸುಖವಾಗಿ ಕಳೆಯಿತು.

ಹೆಂಡತಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಎದುರಿಗೆ ಕೂತವರ ಮೂಗು, ಕಿವಿ ನೋಡಿ ಯಾವ ಫ್ರೇಮು ಕೂರುತ್ತದೆಂದು ಒಂದೇ ನೋಟಕ್ಕೆ ಹೇಳಬಲ್ಲವಳು. ಊರಿನ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡುವ ಗಂಡನ ಜೊತೆ ಲಿಫ್ಟೇ ಇಲ್ಲದ ನಾಲ್ಕನೇ ಮಹಡಿಯಲ್ಲಿ ಬದುಕಿ ಅವಳ ಮಂಡಿ ಸವೆದಿತ್ತು. ಕೊನೆಗೆ ಅಂಗಡಿಯ ಹತ್ತಿರವೇ ನೆಲಮಹಡಿಯಲ್ಲಿ ಎರಡು ಕೋಣೆಯ ಮನೆ ಸಿಕ್ಕಿತು. ಚಿಕ್ಕ ಮನೆ.

"ಆ ಮನೇಲಿ ಒಂದೋ ನಿಮ್ಮ ಸಾಮಾನು ಇರಬೇಕು, ಇಲ್ಲಾ ನಾನಿರಬೇಕು," ಎಂದಳು.

ಮೆಕ್ಯಾನಿಕ್ ಬಹಳ ಯೋಚಿಸದೆ ಸರಿಯಾದ ಉತ್ತರವನ್ನೇ ಕೊಟ್ಟ.

ಅವಳು ಫೋನಿನಲ್ಲಿ ಹಳೆ ಸಾಮಾನು ಮಾರುವ ಆ್ಯಪ್ ಹಾಕಿಕೊಂಡಳು. ಕಿಟಕಿಯ ಬಳಿ ಬಿಳಿ ದುಪ್ಪಟಿ ಹಾಸಿ, ಒಂದೊಂದನ್ನೇ ಒರೆಸಿ, ಫೋಟೋ ತೆಗೆದು ಹಾಕಿದಳು. ಮೊದಲು ಹೋದದ್ದು ದೂರದರ್ಶಕ, ಆರು ಸಾವಿರಕ್ಕೆ.

"ನೋಡಿದ್ರಾ! ನೀವು ತಂದಿದ್ದು ನಾಲ್ಕಕ್ಕೆ. ಮೂರು ವರ್ಷ ಇಟ್ಕೊಂಡು ಎರಡು ಸಾವಿರ ಲಾಭ!"

ಅದಕ್ಕೆ ಅವನು ಇಪ್ಪತ್ತೆರಡು ಸಾವಿರ ತೆತ್ತಿದ್ದ. ಬಿಸಿ ತುಪ್ಪ ಬಾಯಿಗೆ ಬಿದ್ದವನಂತೆ ಉಗುಳಲೂ ಆಗದೆ, ನುಂಗಲೂ ಆಗದೆ, "ನಿನ್ನ ಕೈಗುಣ," ಎಂದ.

ಆ ಮಾತು ಅವಳ ತಲೆಗೇರಿತು. ಒಂದು ನೋಟ್‌ಪುಸ್ತಕ ತಂದು ಗೆರೆ ಎಳೆದು ಕೊಂಡದ್ದು, ಮಾರಿದ್ದು, ಲಾಭ ಎಂದು ಬರೆಯತೊಡಗಿದಳು. ಗಿಟಾರ್ ಹೋಯಿತು, ಗಾಳಗಳು ಹೋದವು, ಮಡಚುವ ದೋಣಿಯೊಂದು ಹೋಯಿತು. ವರ್ಷ ಮುಗಿಯುವಷ್ಟರಲ್ಲಿ ನಲವತ್ತೇಳು ವಸ್ತು! ಅಂಗಡಿಯಲ್ಲಿ ಅವಳ ವ್ಯಾಪಾರದ ಜಾಣ್ಮೆಯದೇ ಮಾತು. ಬಸ್ಸಿನ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾಗಿದ್ದ ಅವಳ ಅಣ್ಣನೂ, ಯಾರನ್ನೂ ಹೊಗಳದವನು, "ನಮ್ಮ ಮನೆ ಬುದ್ಧಿ ಅದು," ಎಂದಿದ್ದ.

ಆಗ ಆ್ಯಪ್‌ನಿಂದ ಸಂದೇಶ ಬಂತು. ವರ್ಷಕ್ಕೆ ಮೂವತ್ತಕ್ಕಿಂತ ಹೆಚ್ಚು ವಸ್ತು ಮಾರಿದವರ ವಿವರವನ್ನು ತೆರಿಗೆ ಕಚೇರಿಗೆ ಕಳಿಸುವುದು ನಿಯಮವೆಂದೂ, ಅವಳ ತೆರಿಗೆ ಸಂಖ್ಯೆಯನ್ನು ಕೂಡಲೇ ಕೊಡಬೇಕೆಂದೂ ಬರೆದಿತ್ತು.

ಅಣ್ಣ ಓದಿ ತಲೆಯಾಡಿಸಿದ. "ಮುಗೀತು. ಮೊದಲು ವಿವರ ಕೇಳ್ತಾರೆ, ಆಮೇಲೆ ದಂಡ. ನನಗೆ ಗೊತ್ತಿಲ್ವಾ, ನಾನೂ ಹಾಗೇ ಮಾಡ್ತಿದ್ದೆ."

"ಹಳೇ ಸಾಮಾನಿಗೆ ಯಾವ ತೆರಿಗೆ? ಬಿಟ್ಹಾಕು," ಎಂದ ಮೆಕ್ಯಾನಿಕ್, ಬೇಕಾದ್ದಕ್ಕಿಂತ ತುಸು ಬೇಗನೆ.

"ಯಾಕೆ ಬಿಡ್ಬೇಕು? ಲಾಭ ಬಂದಿದೆ, ಕಟ್ಟೋಣ. ನಾಳೆ ರಜೆ ಹಾಕಿ, ನೀವೂ ಬನ್ನಿ." ಭಯ ಅವಳಿಗೂ ಇತ್ತು. ಆದರೆ ತೆರಿಗೆ ಕಟ್ಟುವಷ್ಟು ದೊಡ್ಡ ವ್ಯಾಪಾರಸ್ಥೆ ತಾನು ಎಂಬ ಹೆಮ್ಮೆ ಭಯಕ್ಕಿಂತ ಒಂದು ಕೈ ಮೇಲಿತ್ತು.

ತೆರಿಗೆ ಕಚೇರಿಯಲ್ಲಿ ಕಬ್ಬಿಣದ ಪಟ್ಟಿಗೆ ಬಿಗಿದ ಕುರ್ಚಿಗಳ ಸಾಲು. ಒಬ್ಬರು ಅಲುಗಿದರೆ ಐವರು ಅಲುಗಬೇಕು. ಮೆಕ್ಯಾನಿಕ್ ಕಾಲು ಕುಣಿಸುತ್ತ ಕೂತಿದ್ದರಿಂದ ಇಡೀ ಸಾಲೇ ನಡುಗುತ್ತಿತ್ತು. ಅವರ ಸರದಿ ಬಂತು. ಮೇಜಿನ ಹಿಂದಿದ್ದ ಅಧಿಕಾರಿಣಿಗೆ ನಿವೃತ್ತಿ ಹತ್ತಿರದ ವಯಸ್ಸು. ತಲೆ ಬಗ್ಗಿಸಿದಾಗಲೆಲ್ಲ ಆಕೆಯ ಕನ್ನಡಕ ಮೂಗಿನ ತುದಿಗೆ ಜಾರುತ್ತಿತ್ತು. ಹೆಂಡತಿಗೆ ನೋಡಲಾಗಲಿಲ್ಲ.

"ಮೇಡಂ, ಒಂದ್ನಿಮಿಷ ಕೊಡಿ ಇಲ್ಲಿ," ಎಂದು ಕನ್ನಡಕ ಇಸಿದುಕೊಂಡು, ಕಿವಿಯ ಕಡ್ಡಿಯನ್ನು ಹದವಾಗಿ ಬಗ್ಗಿಸಿ ಕೊಟ್ಟಳು. ಹಾಕಿಕೊಂಡರೆ ಅಲುಗಲಿಲ್ಲ. ಅಧಿಕಾರಿಣಿಯ ಮುಖ ಅರಳಿತು.

"ಭಯ ಪಡಬೇಡಿಮ್ಮಾ. ವಿವರ ನಮಗೆ ಬಂತು ಅಂದ ಮಾತ್ರಕ್ಕೆ ತೆರಿಗೆ ಬಿತ್ತು ಅಂತಲ್ಲ. ಮನೇಲಿ ಬಳಸಿದ್ದನ್ನ ಕೊಂಡಿದ್ದಕ್ಕಿಂತ ಕಡಿಮೆಗೆ ಮಾರಿದ್ರೆ ಅದು ಆದಾಯವೇ ಅಲ್ಲ. ಇಲ್ಲಿಗೆ ಬರೋರು ಮುಕ್ಕಾಲು ಪಾಲು ಜನ ಹಾಗೇ."

"ನಮ್ದು ಹಾಗಲ್ಲ ಮೇಡಂ," ಎಂದು ಅವಳು ನೋಟ್‌ಪುಸ್ತಕ ಬಿಚ್ಚಿಟ್ಟಳು. "ಎಲ್ಲದರಲ್ಲೂ ಲಾಭ."

"ಎಲ್ಲದರಲ್ಲೂ?" ಅಧಿಕಾರಿಣಿ ಪುಟ ಮಗುಚಿದಳು. "ಬಳಸಿದ ಗಿಟಾರಿನಲ್ಲೂ ಲಾಭ, ಬಳಸಿದ ದೋಣೀಲೂ ಲಾಭ! ಹಾಗಾದ್ರೆ ಇದು ಮನೆ ಸಾಮಾನಲ್ಲಮ್ಮಾ, ವ್ಯಾಪಾರ. ನೋಂದಣಿ ಮಾಡಿಸ್ಬೇಕು. ಬಂದ ಲಾಭಕ್ಕೆ ತೆರಿಗೆ. ತಡವಾಗಿದ್ದಕ್ಕೆ ಸ್ವಲ್ಪ ದಂಡನೂ ಬೀಳುತ್ತೆ. ಕೊಂಡ ಬಿಲ್ ಇದ್ಯಾ?"

"ತಂದೋರೆಲ್ಲ ಇವರೇ." ಹೆಂಡತಿ ಗಂಡನತ್ತ ತಿರುಗಿದಳು.

ಬಿಲ್ಲುಗಳೆಲ್ಲ ಅವನ ಜೇಬಿನಲ್ಲೇ, ಫೋನಿನ ಮೇಲ್‌ಗಳಲ್ಲಿದ್ದವು. ಸುಮ್ಮನಿದ್ದರೆ ಆಯಿತು. ಇಲ್ಲದ ಲಾಭಕ್ಕೆ ತೆರಿಗೆ, ದಂಡ, ಎಲ್ಲ ಕಟ್ಟಿ ಬಂದರೆ ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ. ಅವನು ಫೋನಿದ್ದ ಜೇಬಿನ ಮೇಲೆ ಕೈ ಮುಚ್ಚಿಕೊಂಡು ಕೂತ.

ಹೆಂಡತಿ ಕೈಚೀಲದಿಂದ ಕನ್ನಡಕದ ಡಬ್ಬಿಯೊಂದನ್ನು ತೆಗೆದಳು. ಅದರಲ್ಲಿ ನೋಟುಗಳನ್ನು ನೀಟಾಗಿ ಸುರುಳಿ ಸುತ್ತಿಟ್ಟಿದ್ದಳು. "ದಂಡ ಎಷ್ಟಾಗುತ್ತೆ ಮೇಡಂ? ಮಂಡಿ ಡಾಕ್ಟರಿಗೆ ಅಂತ ಇಟ್ಟಿದ್ದು ಸ್ವಲ್ಪ ಇದೆ."

ಮೆಕ್ಯಾನಿಕ್ ಆ ಡಬ್ಬಿಗೆ ಕೈ ಅಡ್ಡ ಹಿಡಿದ. "ಮೇಡಂ, ತಾಳಿ. ಲಾಭ ಬಂದಿಲ್ಲ," ಎಂದು ಫೋನನ್ನು ಮೇಜಿನ ಮೇಲಿಟ್ಟ.

ಅಧಿಕಾರಿಣಿ ಕನ್ನಡಕ ಒತ್ತಿಕೊಂಡು ಓದಿದಳು. "ದೂರದರ್ಶಕ, ಇಪ್ಪತ್ತೆರಡು ಸಾವಿರ."

"ನಾಲ್ಕು ಅಂದಿದ್ರಿ!" ಎಂದಳು ಹೆಂಡತಿ.

"ನಾಲ್ಕು ಕಂತು ಅಂದಿದ್ದು..."

"ಗಿಟಾರ್, ಹದಿನೆಂಟು ಸಾವಿರ. ಅದಕ್ಕೊಂದು ಸ್ಟ್ಯಾಂಡು, ಎರಡು ಸಾವಿರ."

"ಸ್ಟ್ಯಾಂಡು ಪುಕ್ಕಟೆ ಕೊಟ್ರು ಅಂದ್ರಲ್ರೀ!"

ಹಿಂದಿನ ಕುರ್ಚಿಗಳಲ್ಲಿ ಕಾಯುತ್ತಿದ್ದವರ ಗುಸುಗುಸು ನಿಂತುಹೋಗಿತ್ತು. "ದೋಣಿ..." ಎಂದು ಅಧಿಕಾರಿಣಿ ಶುರು ಮಾಡಿದಾಗ ಯಾರೋ, "ಸ್ವಲ್ಪ ಜೋರಾಗಿ ಓದಿ ಮೇಡಂ," ಎಂದರು. ಮೆಕ್ಯಾನಿಕ್‌ನ ಕುತ್ತಿಗೆ ಅಂಗಿಯೊಳಗೆ ಇಳಿಯಿತು. ಎಷ್ಟೋ ಸಲ ಕೆಟ್ಟು ನಿಂತ ಲಿಫ್ಟಿನೊಳಗೆ ಗಂಟೆಗಟ್ಟಲೆ ಸಿಕ್ಕಿಹಾಕಿಕೊಂಡಿದ್ದ. ಅದು ಇದಕ್ಕಿಂತ ವಾಸಿ.

ಲೆಕ್ಕ ಮುಗಿಯಿತು. "ತೆರಿಗೆ ಸೊನ್ನೆ," ಎಂದಳು ಅಧಿಕಾರಿಣಿ. "ಲಾಭ ಇರಲಿ, ಮುಕ್ಕಾಲು ಪಾಲು ನಷ್ಟ."

ಹೆಂಡತಿ ಗಂಡನನ್ನು ಬೈಯುತ್ತಾಳೆಂದು ಎಲ್ಲರೂ ಕಾದರು. ಅವಳು ಬೈಯಲಿಲ್ಲ. ಪುಸ್ತಕದ ಲಾಭದ ಸಾಲಿನ ಮೇಲೆ ಬೆರಳಾಡಿಸುತ್ತ ಸಣ್ಣ ದನಿಯಲ್ಲಿ ಕೇಳಿದಳು. "ಹಾಗಾದ್ರೆ ಇಷ್ಟು ದಿನ ನಾನು ಮುತ್ತು ರತ್ನನೆಲ್ಲ ಮೂರು ಕಾಸಿಗೆ ಕೊಟ್ಟೆ. ಒಂದನ್ನಾದ್ರೂ ಲಾಭಕ್ಕೆ ಮಾರಿಲ್ವಾ ನಾನು?"

ಮೆಕ್ಯಾನಿಕ್‌ಗೆ ಆಗ ಅರ್ಥವಾಯಿತು, ತಾನು ಕದ್ದದ್ದು ಬರೀ ದುಡ್ಡಲ್ಲ ಎಂದು.

ಅಧಿಕಾರಿಣಿ ಕೊನೆಯ ಪುಟ ತೆಗೆದಳು. "ಇದೇನಿದು, ಆರು ಮರದ ಪೆಟ್ಟಿಗೆ? ಇದಕ್ಕೆ ಇವರ ಬಿಲ್ ಇಲ್ಲ."

"ಅದು ನಂದು ಮೇಡಂ. ಅಂಗಡೀಲಿ ಫ್ರೇಮ್ ಜೋಡಿಸಿಡೋ ಹಳೇ ಪೆಟ್ಟಿಗೆ. ಸಾಹುಕಾರ್ರು ಎಸೀತಿದ್ರು. ನೂರು ನೂರು ಕೊಟ್ಟು ತಗೊಂಡೆ. ಉಜ್ಜಿ, ಪಾಲಿಶ್ ಹಾಕಿ, ಒಳಗೆ ಬಟ್ಟೆ ಅಂಟಿಸಿ, ಎಂಟ್ನೂರರಂತೆ ಮಾರಿದೆ. ಒಡವೆ ಇಟ್ಕೊಳ್ಳೋಕೆ ಅಂತ ಜನ ಮುಗಿಬಿದ್ರು." ಸಾಹುಕಾರರು ಬರೆದುಕೊಟ್ಟ ಚೀಟಿಯೂ ಇತ್ತು, ಪುಸ್ತಕದ ರಟ್ಟಿನೊಳಗೆ.

"ಹಾಂ! ಇದು ಮಾತ್ರ ವ್ಯಾಪಾರ. ಮಾರೋದಕ್ಕೆ ಅಂತಲೇ ಕೊಂಡಿದೀರಿ, ಲಾಭಕ್ಕೆ ಮಾರಿದೀರಿ. ಆದ್ರೆ ಮಿತಿ ಒಳಗಿದೆ. ಏನೂ ಕಟ್ಟೋ ಹಾಗಿಲ್ಲ."

"ಒಂಚೂರಾದ್ರೂ ಕಟ್ಟಬಹುದಾ?"

"ಇಲ್ಲಮ್ಮಾ," ಎಂದು ಅಧಿಕಾರಿಣಿ ನಕ್ಕಳು. "ಹೆಚ್ಚಿಗೆ ಮಾಡಿ, ಆಗ ಬನ್ನಿ."

ಹೊಸ ಮನೆಯಲ್ಲಿ ಒಂಬತ್ತು ದಿನ ಮೌನ. ಊಟ ಬಡಿಸುವಾಗ ತಟ್ಟೆಯೇ ಅವಳ ಪರವಾಗಿ ಮಾತಾಡುತ್ತಿತ್ತು. ಮೆಕ್ಯಾನಿಕ್ ಮೂರು ಸಲ ಕ್ಷಮೆ ಕೇಳಿದ. ಮೂರನೇ ಸಲ ಅವಳು, "ನಂಗೆ ದುಡ್ಡಿನ ಬೇಜಾರಲ್ಲ. ಇಪ್ಪತ್ತು ವರ್ಷ ನನ್ನನ್ನ ಪೆದ್ದಿ ಮಾಡಿದ್ರಿ. ಕೇಳಿದ್ರೆ ಬೇಡ ಅಂತಿದ್ನಾ?" ಎಂದಳು.

"ಅಂತಿದ್ದೆ," ಎಂದ ಅವನು.

ಅವಳು ಯೋಚಿಸಿ ನೋಡಿದಳು. "ಹೌದು, ಅಂತಿದ್ದೆ," ಎಂದು ಒಪ್ಪಿದಳು. ನಗು ಬಂದದ್ದನ್ನು ತಡೆಯಲು ಅಡುಗೆಮನೆಗೆ ಹೋದಳು.

ಆ ವಾರದ ಕೊನೆಗೆ ಸಾಹುಕಾರರು ಇನ್ನೂ ಎಂಟು ಪೆಟ್ಟಿಗೆ ಕೊಟ್ಟರು. ಇವುಗಳ ಕೀಲು ಮುರಿದಿತ್ತು. ಅವಳು ನೆಲಕ್ಕೆ ಪೇಪರ್ ಹಾಸಿ, ಪೆಟ್ಟಿಗೆ ಸಾಲಾಗಿಟ್ಟು ಗಂಡನನ್ನು ಕರೆದಳು.

"ಎಂಟಕ್ಕೂ ಕೀಲು ಕೂರಿಸೋಕೆ ಎಷ್ಟು?"

"ನಿನ್ನ ಹತ್ರ ಕೂಲಿ ತಗೊಳ್ಳೋದಾ?"

"ಬಿಟ್ಟಿ ಅನ್ನೋ ಮಾತು ಈ ಮನೇಲಿ ಇನ್ಮೇಲೆ ಬೇಡ. ರೇಟ್ ಹೇಳಿ."

ಅವನು ಹೇಳಿದ. ಅವಳು ಅರ್ಧಕ್ಕೆ ಕೇಳಿದಳು. ಹತ್ತು ನಿಮಿಷ ಚೌಕಾಸಿ ನಡೆದು ನಡುವೆ ಎಲ್ಲೋ ಒಂದು ಕಡೆ ನಿಂತಿತು. ಅವನು ಮುಂಗಡ ಕೇಳಿದ, ಅವಳು ಕೊಡಲಿಲ್ಲ. ಸಂಜೆಯೊಳಗೆ ಐದು ಪೆಟ್ಟಿಗೆಗೆ ಕೀಲು ಕೂತವು. ಆರನೆಯದರ ಮುಚ್ಚಳ ಸೊಟ್ಟಗಿತ್ತು. ಅವಳು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡಳು, ಅವನು ತಿರುಪು ಬಿಗಿದ.