ಸಾಹೇಬರ ಪಾಲಿನ ನೀರು

“ದೂರ ನಿಂದ್ರು ರಂಡಿ. ತಂಬಿಗಿ ನೆಲಕ್ಕ ಇಡು, ಹಿಂದ ಸರಿ.”

ಹೊಸ ಸ್ಟೀಲ್ ತಂಬಿಗೆಯನ್ನು ಪಾಟೀಲರ ಬಾವಿಕಟ್ಟೆಯ ಕೆಳಗೆ ಇಟ್ಟು ಹಿಂದೆ ಸರಿದೆ. ಪಂಚಾಯ್ತಿ ಮೆಂಬರ್ ಮಲ್ಲಿಕಾರ್ಜುನ ಕೊಡವನ್ನು ಎತ್ತರದಲ್ಲಿ ಹಿಡಿದು ಸುರಿದ. ತಳದಲ್ಲಿ ಅಂಗಡಿಯವನು ಅಂಟಿಸಿದ್ದ ಚೀಟಿ ಕಾಣುವಷ್ಟು ತಿಳಿಯಾದ ನೀರು.

“ಸ್ಟೇಜ್ ಮ್ಯಾಲ ಸಾಹೇಬ್ರು ಕೇಳ್ದಾಗ ಕೊಡು. ಕೇರಿ ನೀರಂತ ಅವ್ರೇ ಹೇಳ್ತಾರ. ನೀ ಮಾತಾಡಬ್ಯಾಡ. ನಿಂಗ ಬಾಯಿ ಇಲ್ಲಂತೇ ಕರ್ದೀನಿ,” ಎಂದು ನಕ್ಕ.

ವಸಂತರಾವ ಸಾಹೇಬರು ತಾಲೂಕಿನ ದೊಡ್ಡ ಅಧಿಕಾರಿ. ಭಾಲ್ಕಿ ಬಿಟ್ಟು ಬಡ್ತಿಯ ಮೇಲೆ ಬೀದರಿಗೆ ಹೊರಟಿದ್ದರು. ನಮ್ಮ ಕೇರಿಗೆ ಬೋರಿಂಗ್ ಹಾಕಿಸಿದ ಪುಣ್ಯಾತ್ಮರೆಂದು ಅವರಿಗೆ ಸನ್ಮಾನ. ಆ ಬೋರಿಂಗ್ ಉದ್ಘಾಟನೆಯ ದಿನ ಮಾತ್ರ ನೀರು ಕೊಟ್ಟಿತ್ತು. ಅದಕ್ಕೆ ಸ್ವಲ್ಪ ಮೊದಲು ಕೊಳವೆಯೊಳಗೆ ಟ್ಯಾಂಕರ್ ನೀರು ಸುರಿದದ್ದನ್ನು ನಾವೆಲ್ಲ ನಿಂತು ನೋಡಿದ್ದೆವು. ಈಗ ಅದರ ಹಿಡಿಕೆಗೆ ಮೇಕೆ ಕಟ್ಟುತ್ತೇವೆ. ಕುಡಿಯಲು ಹಳ್ಳದ ಮರಳು ಬಗೆದು, ಗುಂಡಿಯಲ್ಲಿ ಒಸರಿದ ಕೆಂಪು ನೀರನ್ನು ಸೀರೆಯಲ್ಲಿ ಸೋಸಿಕೊಳ್ಳುತ್ತೇವೆ.

ಸ್ಟೇಜಿನ ದಾರಿಯಲ್ಲೇ ನಮ್ಮ ಮನೆ. ಒಳಗೆ ಅಕ್ಕ ಸುಭದ್ರಾ ಬಾಣಂತಿ. ಭಾವ ಮಾಣಿಕ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿದ್ದ. ಕೂಸು ಹುಟ್ಟಿದ್ದು ಅವನಿಗೆ ಇನ್ನೂ ಗೊತ್ತಿಲ್ಲ. ಆ ಕೆಂಪು ನೀರಿಗೆ ವಾಂತಿ ಭೇದಿ ಹತ್ತಿ ಅಕ್ಕನ ಹಾಲು ಬತ್ತಿತ್ತು. ಕೂಸು ಒಣ ಮೊಲೆ ಚೀಪಿ ಚೀಪಿ ಅಳುವುದನ್ನೂ ಬಿಟ್ಟಿತ್ತು.

“ಯಾರ ನೀರ ಅದು?” ಒಳಗೆ ಹೋದ ನನ್ನನ್ನು ಅಕ್ಕ ಕೇಳಿದಳು.

“ಸಾಹೇಬ್ರದು.”

“ಒಂದು ಗುಟುಕು ಹಾಕ ನನ್ನ ಬಾಯಾಗ.”

ಅವಳು ಒಂದು ಗುಟುಕಿಗೆ ನಿಲ್ಲಲಿಲ್ಲ. ನಾನೂ ಕಸಿದುಕೊಳ್ಳಲಿಲ್ಲ. ಕೊನೆಯ ಹನಿಗಳನ್ನು ಬೆರಳಿಗೆ ಹಚ್ಚಿ ಕೂಸಿನ ತುಟಿಗೆ ಸವರಿದಳು.

“ಈಗ ಅವ್ರಿಗಿ ಏನ್ ಒಯ್ತಿ?”

ಮೂಲೆಯ ಗಡಿಗೆಯಿಂದ ತಂಬಿಗೆ ತುಂಬಿಕೊಂಡೆ.

ಸ್ಟೇಜಿನ ಮೇಲೆ ಪಾಟೀಲರು ಹೇಳುತ್ತಿದ್ದರು: “ಔರಾದದಾಗ ಬರ ಬಿದ್ದಾಗ ಸಾಹೇಬ್ರು ಊಟ ನಿದ್ದಿ ಬಿಟ್ಟು ಮಂದಿ ಸೇವಾ ಮಾಡ್ಯಾರ.”

“ಊಟ ಬಿಟ್ಟವ್ರ ಹೊಟ್ಟಿ ಹಾಂಗ ಇರ್ತದೇನ?” ಎಂದಳು ಪಕ್ಕದ ಮನೆಯ ಕೇಶರಬಾಯಿ. ನೆಲದ ಮೇಲೆ ಕೂತಿದ್ದ ಕೇರಿಯ ಹೆಂಗಸರು ಸೆರಗಿನಲ್ಲಿ ನಕ್ಕರು.

ಸಾಹೇಬರು ಎದ್ದು ನಿಂತರು. “ನಾ ಜಾತಿ ಗೀತಿ ನೋಡಾಂವ ಅಲ್ಲ. ನಾ ತಂದ ಗಂಗಿ ಇದು. ಇವತ್ತ ಇವ್ರ ಕೈಯಿಂದೇ ಕುಡೀತೀನಿ.”

ಚಪ್ಪಾಳೆ ಬಿತ್ತು. ತಂಬಿಗೆ ಕೊಟ್ಟೆ.

“ತುಟಿ ಹಚ್ಚಿ ಕುಡೀರಿ ಸಾಬ್, ಪೇಪರದಾಗ ಛಲೋ ಬರ್ತದ,” ಎಂದ ಫೋಟೋದ ಖಾಸಿಂ ಅಲಿ.

ಸಾಹೇಬರ ಕಣ್ಣು ಕ್ಯಾಮೆರಾದ ಮೇಲಿತ್ತು. ತಂಬಿಗೆ ತುಟಿಯ ತನಕ ಬಂತು. ಅಲ್ಲಿ ಕೈ ನಿಂತಿತು. ಹುಟ್ಟಿನಿಂದ ಬಂದ ರೂಢಿ, ಕೈ ತಾನೇ ಮೇಲೆದ್ದು ತಂಬಿಗೆಯನ್ನು ಎತ್ತಿ ಹಿಡಿಯಿತು. ಬಾಯಿಗೆ ಕೆಂಪು ಧಾರೆ ಇಳಿದದ್ದನ್ನು ಇಡೀ ಊರು ನೋಡಿತು. ಒಂದು ಗುಟುಕು ಒಳಗೆ ಹೋಯಿತು. ಉಳಿದದ್ದು ಕೆಮ್ಮಿನ ಜೊತೆ ಬಿಳಿ ಅಂಗಿಯ ಮೇಲೆ, ಹೊದಿಸಿದ್ದ ಶಾಲಿನ ಮೇಲೆ ಬಿತ್ತು. ಖಾಸಿಂ ಅಲಿ ಫೋಟೋ ಹೊಡೆದುಬಿಟ್ಟಿದ್ದ.

“ಸೂಳಿಮಗಳ, ಏನ್ ತಂದಿ ಇದು?” ಮಲ್ಲಿಕಾರ್ಜುನ ನನ್ನತ್ತ ನುಗ್ಗಿದ.

ಹೆಂಗಸರ ನಡುವಿನಿಂದ ಅವ್ವ ಎದ್ದಳು.

“ನಮ್ಮ ಮನಿ ನೀರ್ರಿ. ದಿನಾ ಕುಡಿಯೋದೇ. ಪೂರಾ ಕುಡೀರಿ ಸಾಹೇಬ್ರ. ತಳದಾಗ ಇನ್ನೂ ಗಟ್ಟಿ ಅದ.”

“ನಾಳಿಂದ ಕೇರಿಗಿ ಟ್ಯಾಂಕರ್ ಬಂದ್, ನೋಡ್ರಿ ಮತ್ತ,” ಎಂದು ಮಲ್ಲಿಕಾರ್ಜುನ ಗದರಿದ.

“ಇವತ್ತ ಎಲ್ಲಿ ಬಂದದ?” ಎಂದಳು ಕೇಶರಬಾಯಿ.

ಈ ಸಲ ಯಾರೂ ನಗಲಿಲ್ಲ. ಎದ್ದು ಹೋಗಲೂ ಇಲ್ಲ.

ಸಾಹೇಬರು ತಂಬಿಗೆಯನ್ನು ಮಲ್ಲಿಕಾರ್ಜುನನ ಕಡೆ ಚಾಚಿದರು. ಅವನು ಕೈ ಹಿಂದೆ ಕಟ್ಟಿಕೊಂಡ. ಪಾಟೀಲರ ಕಡೆ ಚಾಚಿದರು. ಪಾಟೀಲರು ರುಮಾಲು ಸರಿಮಾಡಿಕೊಳ್ಳತೊಡಗಿದರು. ಮೇಜಿನ ಮೇಲೆ ಇಡಲು ಹೋದರೆ ಅಲ್ಲಿ ದೀಪ ಹಚ್ಚಿದ ದೇವರ ಫೋಟೋ ಇತ್ತು. ಯಾರೋ “ಅಲ್ಲಿ ಬ್ಯಾಡ್ರಿ” ಎಂದರು.

ಕೊನೆಗೆ ನನ್ನ ಕಡೆ ತಿರುಗಿದರು.

“ತಗೋ.”

ನಾನು ಎರಡೂ ಕೈಗಳನ್ನು ಓಢಣಿಯೊಳಗೆ ಸುತ್ತಿಕೊಂಡು ನಿಂತೆ.