ಬಟ್ಟೆ ಹೂವಿನ ಬೆನ್ನು

ದರ್ಜಿ ಅಂಗಡಿಯ ಕಸದ ಚೀಲವನ್ನು ಆಸೆಪಟ್ಟು ಮನೆಗೆ ಹೊತ್ತು ತರುವ ಹೆಂಗಸು ಆ ಬೀದಿಗೆಲ್ಲ ಅವಳೊಬ್ಬಳೇ. ಬೇರೆಯವರಿಗೆ ಅದರಲ್ಲಿ ಚಿಂದಿ ಕಂಡರೆ ಅವಳಿಗೆ ದಳ ಕಾಣುತ್ತಿತ್ತು. ಚೂರುಗಳ ಅಂಚನ್ನು ಮೇಣದಬತ್ತಿಗೆ ಹಿಡಿದು ಸುರುಟಿಸಿ, ದಳಕ್ಕೆ ದಳ ಸೇರಿಸಿ ಹೊಲಿದು, ನಡುವೆ ಹಳೇ ಅಂಗಿಯ ಗುಂಡಿ ಕೂರಿಸಿದರೆ ಫ್ರಾಕಿನ ಮೇಲೆ ಸಿಕ್ಕಿಸಿಕೊಳ್ಳುವ ಹೂವು ತಯಾರು. ಹಗಲೆಲ್ಲ ಲಾಂಡ್ರಿಯಲ್ಲಿ ಇಸ್ತ್ರಿ, ಸಂಜೆ ಅಡುಗೆಮನೆಯ ಮೇಜಿನ ಮೇಲೆ ಹೂವು. ಹೂವಕ್ಕ ಎಂಬ ಹೆಸರು ತಾನಾಗಿ ಬಂದು ಅಂಟಿಕೊಂಡಿತ್ತು.

ಮೊದಮೊದಲು ಹೂವಿನ ಬೆನ್ನಿಗೆ ಪಿನ್ನು ಹಾಕುತ್ತಿದ್ದಳು. ಯಾರದೋ ಮಗುವಿಗೆ ಚುಚ್ಚಿತು ಎಂದು ದೂರು ಬಂದಾಗ ಅತ್ತೆ, “ಹೂವಿನ ಜತೆ ಮುಳ್ಳಿರೋದು ಕೇಳಿದ್ದೆ ಕಣೆ, ನಿನ್ನ ಹೂವಿಗೆ ಸೂಜೀನೇ ಇದೆ” ಎಂದು ನಕ್ಕಿದ್ದರು. ಆ ಮಾತು ನಾಟಿತು. ಪಿನ್ನು ಬಿಟ್ಟು ಆಯಸ್ಕಾಂತ ಹಿಡಿದಳು. ಬೇಳೆಯಷ್ಟು ಚಿಕ್ಕದು, ಥಳಥಳ ಹೊಳೆಯುವಂಥದ್ದು. ಅದನ್ನು ಹೂವಿನ ಬೆನ್ನಿಗೆ ಅಂಟಿಸುವುದು. ಫ್ರಾಕಿನ ಒಳಗಡೆಯಿಂದ ಹೆಬ್ಬೆರಳಗಲದ ತಗಡಿನ ಬಿಲ್ಲೆ ಇಡುವುದು. ನಡುವೆ ಬಟ್ಟೆ ಸಿಕ್ಕಿಕೊಂಡು ಹೂವು ಅಲ್ಲಾಡದೆ ಕೂರುತ್ತಿತ್ತು. ಚುಚ್ಚುವ ಮಾತೇ ಇಲ್ಲ.

ಆದರೂ ಆ ಬೇಳೆಕಾಳನ್ನು ಕಂಡರೆ ಅವಳಿಗೆ ಒಳಗೊಳಗೇ ಅಳುಕು. ಒಮ್ಮೆ ಮೇಜಿನ ಮೇಲೆ ಎರಡು ಆಯಸ್ಕಾಂತ ಹಾರಿ ಬಂದು ಒಂದನ್ನೊಂದು ಕಚ್ಚಿಕೊಂಡಿದ್ದವು. ನಡುವೆ ಸಿಕ್ಕ ಬೆರಳಿನ ಚರ್ಮ ರಕ್ತಗಟ್ಟಿ ಕಪ್ಪಾಗಿ, ವಾರಗಟ್ಟಲೆ ನೋಯುತ್ತಿತ್ತು.

ಆ ದಿನ ಸಂಜೆ ಲಾಂಡ್ರಿಯಿಂದ ಬಂದು ಚಪ್ಪಲಿ ಬಿಡುತ್ತಿದ್ದಂತೆಯೇ ಮಗಳು ಎದುರು ನಿಂತಳು. ಒಂದು ಕೈಯಲ್ಲಿ ಹೂವು.

“ಅಮ್ಮಾ, ನಿನ್ನ ಹೂವು ಉದುರಿ ಹೋಯ್ತು. ನೋಡು, ಬೀಜ ಇಲ್ಲೇ ಉಳ್ಕೊಂಡಿದೆ!”

ಮಗಳ ಎದೆಯ ಮೇಲೆ ಆಯಸ್ಕಾಂತ ಒಂಟಿಯಾಗಿ ಹೊಳೆಯುತ್ತಿತ್ತು. ಒಳಗಿನ ತಗಡು ಅದನ್ನು ಬಟ್ಟೆಯ ಸಮೇತ ಹಿಡಿದಿಟ್ಟಿತ್ತು. ಬಿಟ್ಟದ್ದು ಹೂವು.

ಹೂವಕ್ಕ ಓಡಿ ಡಬ್ಬಿ ತೆಗೆದಳು. ಅಂಟಿಸಿ ಮಿಕ್ಕಿದ್ದ ಹೂವುಗಳ ಬೆನ್ನಿಗೆ ಉಗುರು ತಾಗಿಸಿದಳು. ಟಕ್. ಇನ್ನೊಂದು, ಟಕ್. ಹಾಲುಹಲ್ಲು ಬಿದ್ದಷ್ಟು ಸಲೀಸಾಗಿ ಒಂದೊಂದೇ ಕಳಚಿಕೊಂಡವು. ಬಿದ್ದ ಆಯಸ್ಕಾಂತವನ್ನು ಬೆರಳಲ್ಲಿ ಉಜ್ಜಿದಳು. ಜಾರಿತು.

ಎಣ್ಣೆ!

ಅಂಟು ಬೆರಳಿಗೆ ಹಿಡಿದು ಸಿಪ್ಪೆ ಸುಲಿಯುತ್ತಿದೆ ಎಂದು ಈ ಸಲ ಬೆರಳ ತುದಿಗೆ ಎಣ್ಣೆ ಸವರಿಕೊಂಡು ಕೂತಿದ್ದಳು. ಎಂಥ ಉಪಾಯ ಎಂದು ತನ್ನ ಬೆನ್ನು ತಾನೇ ತಟ್ಟಿಕೊಂಡಿದ್ದಳು. ಆ ಎಣ್ಣೆಬೆರಳಲ್ಲೇ ಆಯಸ್ಕಾಂತಗಳನ್ನು ಎತ್ತಿ ಎತ್ತಿ ಕೂರಿಸಿದ್ದಳು. ಅಂಟು ಬೆರಳಿಗೂ ಹಿಡಿದಿರಲಿಲ್ಲ, ಆಯಸ್ಕಾಂತಕ್ಕೂ ಹಿಡಿದಿರಲಿಲ್ಲ.

ಈ ಸಲದ ಹೂವುಗಳಲ್ಲಿ ಹೆಚ್ಚಿನವು ಹಿಂದಿನ ದಿನವೇ ಬೀದಿ ತುದಿಯ ಬೇಕರಿಗೆ ಹೋಗಿದ್ದವು. ಬೇಕರಿಯಾಕೆಯ ಮಗಳ ಹುಟ್ಟುಹಬ್ಬ ಇವತ್ತು. ಬಂದ ಮಕ್ಕಳಿಗೆಲ್ಲ ಒಂದೊಂದು ಹೂವು ಕೊಡುವುದಂತೆ. ಬೇಕರಿಗೆ ಅಂಟಿಕೊಂಡೇ ಇರುವ ಆ ಮನೆಯಲ್ಲಿ ಗುಂಡ ಎಂಬ ಇನ್ನೊಂದು ಮಗುವಿದೆ. ಈಗಷ್ಟೇ ನಡೆಯಲು ಕಲಿತದ್ದು, ಕಂಡದ್ದನ್ನೆಲ್ಲ ಬಾಯಿಗೆ ಹಾಕುವಂಥದ್ದು.

“ಎಲ್ಲಿಗೆ ಹೊರಟೆ, ಕಾಫಿ ಆರತ್ತೆ” ಅಂದರು ಅತ್ತೆ.

ಅವಳು ಆಗಲೇ ಬೀದಿಯಲ್ಲಿದ್ದಳು, ಬರಿಗಾಲಲ್ಲಿ.

ಅವಳು ಓಡುವಾಗ ಒಂದು ಕೆಟ್ಟ ಯೋಚನೆಯೂ ಜತೆಗೇ ಓಡಿತು. ಏನೂ ಹೇಳುವುದು ಬೇಡ. ದಳ ಸರಿಮಾಡಿ ಕೊಡ್ತೀನಿ ಅಂತ ಹೂವಿನ ತಟ್ಟೆ ಎತ್ತಿಕೊಂಡು ಬಂದುಬಿಡೋಣ. ಯಾರಿಗೂ ತಿಳಿಯದು. ಬೇಕರಿಯ ಹಿಂಬಾಗಿಲು ತಳ್ಳುವವರೆಗೂ ಆ ಯೋಚನೆ ಬಲವಾಗಿಯೇ ಇತ್ತು.

ಒಳಗೆ ಬೇಕರಿಯಾಕೆ ಕೇಕಿಗೆ ಕೆನೆ ಹಚ್ಚುತ್ತಿದ್ದಳು. ಮಕ್ಕಳು ಇನ್ನೂ ಬಂದಿರಲಿಲ್ಲ. ಹೂವಿನ ತಟ್ಟೆ ಕಿಟಕಿಯ ಮೇಲೆ ಹಾಗೆಯೇ ಇತ್ತು. ಹೂವಕ್ಕನಿಗೆ ಹೋದ ಜೀವ ಬಂದಂತಾಯಿತು. ಆಗ ನೆಲದ ಮೇಲೆ ಕಣ್ಣು ಬಿತ್ತು. ಗುಂಡ ಕೂತಿದ್ದ. ಕೈಯಲ್ಲಿ ಒಂದು ಹಳದಿ ಹೂವು, ಚೀಪಿ ಚೀಪಿ ಒದ್ದೆಯಾದದ್ದು. ಅದರ ಬೆನ್ನು ಬೋಳಾಗಿತ್ತು.

“ಬಾರೇ ಹೂವಕ್ಕ, ಇವನಿಗೂ ನಿನ್ನ ಹೂವಿನ ಹುಚ್ಚು ನೋಡು.”

ಹೂವಕ್ಕ ಗುಂಡನ ಕೈಯಿಂದ ಹೂವನ್ನು ಬಿಡಿಸಿಕೊಂಡಳು. ಅದರ ಬೆನ್ನು ತೋರಿಸಿ ಹೇಳಿದಳು: “ಅಕ್ಕಾ, ಇದರ ಆಯಸ್ಕಾಂತ ಇಲ್ಲ. ಗುಂಡ ನುಂಗಿದಾನೆ ಅನ್ಸತ್ತೆ. ತಪ್ಪು ನಂದೇ. ಎಣ್ಣೆ ಕೈಯಲ್ಲಿ ಅಂಟಿಸಿದ್ದೆ, ಅಂಟು ಹಿಡಿದಿಲ್ಲ.”

ಬೇಕರಿಯಾಕೆಯ ಕೈಯ ಚಮಚ ಕೇಕಿನೊಳಗೆ ಇಳಿಯಿತು. “ಏನೇ ಹಾಗಂದ್ರೆ?”

ಹೂವಕ್ಕ ತಟ್ಟೆಯನ್ನು ಮಗುಚಿ ಪ್ರತಿ ಹೂವಿನ ಬೆನ್ನು ನೋಡಿದಳು. ಇನ್ನೊಂದೂ ಬೋಳಾಗಿತ್ತು, ಕೆಂಪನೆಯದು. ಅಂದರೆ ಎರಡು ಇಲ್ಲ. ಬೆರಳಿನ ಹಳೇ ಕಪ್ಪು ಕಲೆ ನೆನಪಾಯಿತು. ಆ ಎರಡೂ ಮಗುವಿನ ಕರುಳಿನ ಆಚೆಗೊಂದು ಈಚೆಗೊಂದು ನಿಂತು ಕಚ್ಚಿಕೊಂಡರೆ?

ಎದೆಯ ಬಟ್ಟೆಗೆ ಚುಚ್ಚಿಕೊಂಡಿದ್ದ ಸೂಜಿ ಕೈಗೆ ಬಂತು. ಮೇಜಿನಿಂದ ಉರುಳಿ ಹೋದ ಆಯಸ್ಕಾಂತವನ್ನು ದಿನಾ ಅವಳು ಹುಡುಕುವುದೇ ಹಾಗೆ, ದಾರದಲ್ಲಿ ಸೂಜಿ ತೂಗಿಬಿಟ್ಟು. ಅಂಗಾತ ಮಲಗಿಸಿದ ಗುಂಡ ಕಿಲಕಿಲ ನಕ್ಕ. ದಾರದ ತುದಿಯ ಸೂಜಿ ಹೊಟ್ಟೆಯ ಮೇಲ್ಗಡೆ ನೆಟ್ಟಗೆ ತೂಗುತ್ತಿತ್ತು. ಪಕ್ಕೆಯ ಕಡೆಗೆ ತಂದಾಗ ಯಾರೋ ಕರೆದವರಂತೆ ಓರೆಯಾಗಿ ವಾಲಿತು.

ಬೇಕರಿಯಾಕೆ ಕೂಗಿದ ಕೂಗಿಗೆ ಗಂಡ ಒಲೆಕೋಣೆಯಿಂದ ಹಿಟ್ಟಿನ ಕೈಯಲ್ಲೇ ಬಂದ.

“ಬಾಳೆಹಣ್ಣು ತಿನ್ನಿಸೋಣ, ಬೆಳಗ್ಗೆ ಬಿದ್ದುಹೋಗತ್ತೆ” ಅಂದ ಅವನು, ತನಗೇ ನಂಬಿಕೆಯಿಲ್ಲದ ದನಿಯಲ್ಲಿ.

“ಬೇಡಣ್ಣ, ಕೈ ಮುಗೀತೀನಿ. ಏನೂ ತಿನ್ನಿಸಬೇಡಿ. ಈಗಲೇ ಆಸ್ಪತ್ರೆ.”

ಸ್ಕೂಟರ್ ಹೋಯಿತು. ಗಂಡ ಹೆಂಡತಿ ನಡುವೆ ಗುಂಡ. ಹೋಗುವ ಮುಂಚೆ ಬೇಕರಿಯಾಕೆ ತಿರುಗಿ ನೋಡಿದ ನೋಟಕ್ಕಿಂತ ಕೆನ್ನೆಗೆ ಎರಡು ಬಿಗಿದಿದ್ದರೆ ವಾಸಿಯಿತ್ತು.

ಹುಟ್ಟುಹಬ್ಬದ ಹುಡುಗಿಯನ್ನು ತಬ್ಬಿಕೊಂಡು ಹೂವಕ್ಕ ಅಲ್ಲೇ ಉಳಿದಳು. ಸ್ವಲ್ಪ ಹೊತ್ತಿಗೆ ಬೇಕರಿಯ ಫೋನು ಹೊಡೆದುಕೊಂಡಿತು. ಆ ಕಡೆಯಿಂದ ಬೇಕರಿಯಾಕೆ.

“ಎಕ್ಸ್‌ರೇಲಿ ಒಂದೇ ಚುಕ್ಕೆ ಕಾಣ್ತಿದೆಯಂತೆ. ಎರಡು ಅಂಟ್ಕೊಂಡಿದ್ರೂ ಒಂದರ ಥರಾನೇ ಕಾಣಬಹುದಂತೆ. ಎರಡಾದ್ರೆ ಈಗಲೇ ಒಳಗೆ ಕೊಳವೆ ಇಳಿಸ್ಬೇಕು, ಆಗದಿದ್ರೆ ಕೊಯ್ಯಬೇಕು ಅಂತಿದಾರೆ. ಇನ್ನೊಂದು ಎಲ್ಲಿ ಹೋಯ್ತೇ? ಹುಡುಕೇ, ನಿನ್ನ ದಮ್ಮಯ್ಯ!”

ಹುಡುಕುವುದೆಲ್ಲಿ? ಬೇಕರಿ ಅಂದರೆ ತಗಡಿನ ಕಾಡು. ಬ್ರೆಡ್ಡಿನ ಅಚ್ಚು, ಟ್ರೇ, ಡಬ್ಬಿ, ಒಲೆಯ ಬಾಗಿಲು. ಆಯಸ್ಕಾಂತ ಯಾವ ಮೂಲೆಯಲ್ಲಿ ಬೇಕಾದರೂ ಬಾವಲಿಯ ಹಾಗೆ ತಲೆಕೆಳಗಾಗಿ ಕಚ್ಚಿಕೊಂಡಿರಬಹುದು. ಟ್ರೇಗಳ ಅಡಿಯೆಲ್ಲ ಕೈಯಾಡಿಸಿದಳು. ಅಂಗೈಗೆ ಮಸಿ ಹತ್ತಿತು, ಆಯಸ್ಕಾಂತ ಸಿಗಲಿಲ್ಲ. ಪಕ್ಕೆಯಲ್ಲಿ ವಾಲಿದ ಸೂಜಿಯೇ ಕಣ್ಣ ಮುಂದೆ. ಒಂದಕ್ಕೇ ಅಷ್ಟು ವಾಲುತ್ತದೆಯೇ?

ಹುಡುಗಿ ಬಿಕ್ಕುತ್ತಿದ್ದಳು. “ಕೆಂಪು ಹೂವು ನಾನೇ ಹಾಕ್ಕೊಂಡಿದ್ದೆ ಆಂಟಿ, ಬೆಳಗ್ಗೆ. ಅದು ಬಿದ್ದೋಯ್ತು. ಅಮ್ಮ ಬೈತಾರೆ ಅಂತ ತಟ್ಟೇಲೇ ವಾಪಸ್ ಇಟ್ಬಿಟ್ಟೆ.”

ಹೂವಕ್ಕನ ಕೈ ನಿಂತಿತು. ಮಗಳ ಮಾತು ಕಿವಿಯಲ್ಲಿ ಮತ್ತೆ ಕೇಳಿಸಿತು: ಬೀಜ ಇಲ್ಲೇ ಉಳ್ಕೊಂಡಿದೆ. ಬೀಳುವುದು ಹೂವು, ಆಯಸ್ಕಾಂತ ತಗಡನ್ನು ಬಿಡುವುದಿಲ್ಲ.

“ಬೆಳಗ್ಗೆ ಯಾವ ಫ್ರಾಕು? ಇದೇನಾ?”

“ಇದು ಹೊಸದು. ಅದು ನೀಲಿ. ಒಗೆಯೋಕೆ ಹಾಕಿದಾರೆ.”

ಬಚ್ಚಲಿನ ಬಕೆಟ್ಟನ್ನು ಹೂವಕ್ಕ ಹಾಗೆಯೇ ಬೋರಲು ಹಾಕಿದಳು. ನೊರೆ ಕಾಲ ಮೇಲೆ ಹರಿಯಿತು. ಹಿಟ್ಟಿನ ಏಪ್ರನ್ನು, ಟವೆಲ್ಲು, ಗುಂಡನ ಚಡ್ಡಿ, ಅಡಿಯಲ್ಲಿ ಮುದ್ದೆಯಾದ ನೀಲಿ. ಮಡಿಕೆ ಮಡಿಕೆಯಾಗಿ ಬಿಡಿಸುತ್ತಾ ಹೋದಳು. ಒದ್ದೆ ಬಟ್ಟೆಯ ಮಡಿಕೆಯೊಂದರಲ್ಲಿ ಏನೋ ಗಟ್ಟಿಯಾಗಿ ತಾಗಿತು. ಒಳಗೆ ತಗಡು. ಹೊರಗೆ, ಅದನ್ನು ಬಿಡದೆ ಕಚ್ಚಿಕೊಂಡು, ಬೇಳೆಯಷ್ಟು ಬೆಳಕು.

ಫೋನಿನಲ್ಲಿ ಅವಳು ಹೇಳಿದ್ದು ಇಷ್ಟೇ: “ಇದೆ ಅಕ್ಕಾ. ನನ್ನ ಕೈಯಲ್ಲಿದೆ. ಗುಂಡನ ಹೊಟ್ಟೇಲಿರೋದು ಒಂದೇ.” ಡಾಕ್ಟರಿಗೆ ಅಷ್ಟು ಸಾಲಲಿಲ್ಲ. ಕಣ್ಣಾರೆ ನೋಡಿದಿರಾ, ತಟ್ಟೆಯ ಬೇರೆ ಹೂವುಗಳೆಲ್ಲ ಸರಿಯಿವೆಯಾ ಎಂದು ಕೆದಕಿ ಕೆದಕಿ ಕೇಳಿದರು. ಆಮೇಲೆ, ಕೊಯ್ಯುವುದು ಬೇಡ, ಕಬ್ಬಿಣದ ಸಾಮಾನು ಹತ್ತಿರ ತರಬೇಡಿ, ಇಲ್ಲೇ ಇಟ್ಟುಕೊಂಡು ನೋಡೋಣ ಅಂದರು.

ನೋಡುವುದು ಅಂದರೆ ಏನು ಅಂತ ಕಾದವರಿಗೇ ಗೊತ್ತು. ಹೂವಕ್ಕ ಕಾಲರಿನ ಮೇಲೆ ಇಸ್ತ್ರಿ ಇಟ್ಟು ಮರೆತು ಎರಡು ಅಂಗಿ ಸುಟ್ಟಳು. ಅಣಕಿಸುವ ಅತ್ತೆ ಅಣಕಿಸಲಿಲ್ಲ, ಅದೇ ಅವಳಿಗೆ ಇನ್ನೂ ಹೆದರಿಕೆ ಹುಟ್ಟಿಸಿತು.

ಮೂರನೇ ದಿನ ಬೇಕರಿಯಾಕೆ ಬಾಗಿಲಿಗೆ ಬಂದಳು. ಸೊಂಟದ ಮೇಲೆ ಗುಂಡ, ಕೈಯಲ್ಲಿ ಕಾಗದದ ಪೊಟ್ಟಣ.

“ತಗೋ ನಿನ್ನ ಸೊತ್ತು. ಇವತ್ತು ಬೆಳಗ್ಗೆ ಹೊರಗೆ ಬಿತ್ತು, ಹತ್ತು ಸಲ ತೊಳೆದಿದೀನಿ.” ಮುಖದಲ್ಲಿ ನಗುವಿರಲಿಲ್ಲ. “ಅವತ್ತು ನೀನು ಬಾಯಿ ಬಿಡದೆ ತಟ್ಟೆ ಎತ್ಕೊಂಡು ಹೋಗಿದ್ರೆ ನಂಗೇನೂ ಗೊತ್ತಾಗ್ತಿರ್ಲಿಲ್ಲ. ಅದನ್ನ ಮರೆಯಲ್ಲ. ಎಣ್ಣೆ ಕೈಯನ್ನೂ ಮರೆಯಲ್ಲ.”

ಹೂವಕ್ಕ ತಲೆಯಾಡಿಸಿದಳು.

ಆಯಸ್ಕಾಂತಗಳೆಲ್ಲ ಈಗ ಬೀರುವಿನ ಮೇಲೆ, ಬಿಗಿ ಮುಚ್ಚಳದ ಬಾಟಲಿಯಲ್ಲಿವೆ. ಹೂವಿನ ಬೆನ್ನಿಗೆ ಬಟ್ಟೆಯದೇ ಲಾಡಿ ಹೊಲಿಯುತ್ತಾಳೆ, ಕಟ್ಟಿಕೊಳ್ಳಲು. ಹೊಲಿದ ಮೇಲೆ ಎಳೆದು ನೋಡುತ್ತಾಳೆ. ನಡುವಿನ ಗುಂಡಿಯನ್ನು ಹಲ್ಲಲ್ಲಿ ಕಚ್ಚಿ ಜಗ್ಗುತ್ತಾಳೆ.

“ಅಮ್ಮಾ, ಬರಲ್ಲ ಬಿಡು, ಆಗಲೇ ನೋಡಿದೆಯಲ್ಲ” ಅನ್ನುತ್ತಾಳೆ ಮಗಳು.

“ಹೂಂ, ಬರಲ್ಲ” ಅನ್ನುತ್ತಾಳೆ ಹೂವಕ್ಕ. ಮಗಳು ಅತ್ತ ತಿರುಗಿದ ಮೇಲೆ ಇನ್ನೊಮ್ಮೆ ಜಗ್ಗುತ್ತಾಳೆ.