ಎಂಟು ಸಾವಿರದ ಆಯಾ

ಇಡೀ ಕಟ್ಟಡಕ್ಕೆ ಆಕೆ ಚೆಕಿಂಗಮ್ಮ. ಹದಿನಾಲ್ಕು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿದ್ದು, ಆಮೇಲೆ ಹದಿನೆಂಟು ವರ್ಷ ಟಿಕೆಟ್ ತಪಾಸಣೆ ಮಾಡಿ ನಿವೃತ್ತಳಾದವಳು. ಟಿಕೆಟ್ ಇಲ್ಲದವರನ್ನು ಅವಳು ಮುಖ ನೋಡಿಯೇ ಹಿಡಿಯುತ್ತಿದ್ದಳಂತೆ. ಕಳ್ಳ ಯಾವತ್ತೂ ಕಿಟಕಿಯಾಚೆ ನೋಡುತ್ತಾನೆ, ಅಲ್ಲೇನೋ ಭಾರಿ ಮೆರವಣಿಗೆ ಹೊರಟಿದೆ ಅನ್ನುವ ಹಾಗೆ, ಅಂತ ಅವಳ ಸಿದ್ಧಾಂತ. ಕೆಲಸ ಬಿಟ್ಟು ಐದು ವರ್ಷವಾಗಿತ್ತು, ಆ ಕಣ್ಣಿಗೆ ಮಾತ್ರ ಇನ್ನೂ ನಿವೃತ್ತಿ ಬಂದಿರಲಿಲ್ಲ.

ಮಗಳು ಹಲ್ಲಿನ ಆಸ್ಪತ್ರೆಯಲ್ಲಿ ನರ್ಸು. ಅಳಿಯ ಔಷಧಿ ಮಾರಲು ವಾರಕ್ಕೆ ಆರು ದಿನ ಊರೂರು ತಿರುಗುವವನು. ಹಾಗಾಗಿ ಮೊಮ್ಮಗಳು ಗುಬ್ಬಿಯನ್ನು ಮೂರು ತಿಂಗಳ ಕೂಸಿನಿಂದ ಮೂರು ವರ್ಷದವರೆಗೆ ನೋಡಿಕೊಂಡವಳು ಚೆಕಿಂಗಮ್ಮ. ಈಗ ಮಂಡಿ ಆಪರೇಷನ್ ಆಗಿ, ಬಗ್ಗಬಾರದು, ಮಗು ಎತ್ತಬಾರದು ಅಂತ ಡಾಕ್ಟರು ಖಡಾಖಂಡಿತ ಹೇಳಿದ ಮೇಲೆ ಮನೆಗೆ ಒಬ್ಬ ಆಯಾ ಬರುವುದೆಂದಾಯಿತು.

"ಎಂಟು ಸಾವಿರ ಕೇಳ್ತಿದ್ದಾಳಮ್ಮಾ," ಅಂದಳು ಮಗಳು. "ಒಂದು ವಾರ ನೋಡೋಣ ಅಂದಿದ್ದೀನಿ. ಈ ಕೆಲಸ ಏನೂಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎಷ್ಟು ಕೊಡಬಹುದು ಅಂತ ಶನಿವಾರ ನೀನೇ ಹೇಳಿಬಿಡು."

"ಹಾಗಾದ್ರೆ ನನ್ನ ಮೂರು ವರ್ಷದ್ದು ಎಷ್ಟಾಯ್ತು, ಅದನ್ನೂ ಸೇರಿಸಿ ಹೇಳ್ಲಾ?"

ಮಗಳು ತಮಾಷೆ ಅಂದುಕೊಂಡು ನಕ್ಕಳು. ಹಿತ್ತಲ ಗಿಡ ಮದ್ದಲ್ಲ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಎಂಟು ಸಾವಿರ ಅನ್ನುವ ಮಾತು ಚೆಕಿಂಗಮ್ಮನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿತು.

ಸೋಮವಾರ ಒಂಬತ್ತಕ್ಕೆ ಸರಿಯಾಗಿ ಆಯಾ ಬಂದಳು. ನಲವತ್ತರ ಹೆಂಗಸು, ಹಿಂದೆ ಶಿಶುವಿಹಾರದಲ್ಲಿ ಕೆಲಸ ಮಾಡಿದವಳು. ಚಪ್ಪಲಿ ಬಿಟ್ಟು ಕೈ ತೊಳೆದವಳೇ, "ಅಮ್ಮಾ, ನೀವೇನು ಕೆಲಸದಲ್ಲಿದ್ರಿ?" ಅಂತ ಕೇಳಿದಳು. ಕೇಳುವವರು ಸಿಕ್ಕರೆ ಚೆಕಿಂಗಮ್ಮ ಬಿಡುತ್ತಾಳೆಯೇ? ಓಡುವ ಬಸ್ಸಿಗೆ ಅಡ್ಡ ನಿಂತಿದ್ದು, ಪೋಲಿಗಳನ್ನು ಇಳಿಸಿದ್ದು, ಎಲ್ಲ ಹೇಳಿದಳು. "ಚೆಕಿಂಗ್ ಮಾಡಿದ ಅಷ್ಟೂ ವರ್ಷ ಬಸ್ಸಲ್ಲಿ ಒಂದು ದಿನ ಸೀಟ್ ಮೇಲೆ ಕೂತವಳಲ್ಲ ನಾನು," ಅಂತ ಎದೆಯುಬ್ಬಿಸಿ ಮುಗಿಸಿದಳು. ಗುಬ್ಬಿ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಳು.

ಆಮೇಲೆ ಶುರುವಾಯಿತು ತಪಾಸಣೆ. ಕಾಲನ್ನು ಸ್ಟೂಲಿನ ಮೇಲೆ ಚಾಚಿ, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು, ಮುದುಕಿ ಮೊಸರಲ್ಲಿ ಕಲ್ಲು ಹುಡುಕಿದಳು. ಕಲ್ಲು ಸಿಗಲಿಲ್ಲ. ಅಜ್ಜಿ ಒಂದು ಗಂಟೆ ಪುಸಲಾಯಿಸಿದರೂ ಅರ್ಧ ಬಟ್ಟಲು ಖಾಲಿ ಮಾಡದ ಗುಬ್ಬಿ ಆಯಾ ಕೈಯಲ್ಲಿ ಕಾಲು ಗಂಟೆಗೆ ಪೂರ್ತಿ ತಿಂದಳು. ತಲೆ ಬಾಚುವಾಗ ಕಿರುಚಲಿಲ್ಲ. ಮಧ್ಯಾಹ್ನ ಒಂದು ಹಾಡು ಮುಗಿಯುವ ಮೊದಲೇ ನಿದ್ದೆ ಹೋದಳು. ನೋಡಿ ಸಂತೋಷಪಡಬೇಕಾದ ಅಜ್ಜಿಗೆ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದ ಹಾಗಾಗುತ್ತಿತ್ತು. ಬಟ್ಟಲು ಖಾಲಿಯಾದ ದಿನ ಮನಸ್ಸಿನಲ್ಲೇ ಎಂಟರಿಂದ ಐನೂರು ಇಳಿಸಿದಳು, ತಲೆ ಬಾಚಿಸಿಕೊಂಡ ದಿನ ಇನ್ನೈನೂರು. ಕೆಲಸ ಚೆನ್ನಾದಷ್ಟೂ ಸಂಬಳ ಇಳಿಯುವ ಲೆಕ್ಕ ಲೋಕದಲ್ಲಿ ಅದೊಂದೇ ಇದ್ದೀತು.

ಬುಧವಾರ ಊಟದ ಮೇಜಿನ ಕುರ್ಚಿಗಳೆಲ್ಲ ಹಾಲಿಗೆ ಬಂದು, ಒಂದರ ಹಿಂದೊಂದು ಸಾಲಾಗಿ ನಿಂತವು. ಬಸ್ಸು! ಮುಂದೆ ಕರಡಿ ಡ್ರೈವರು, ಅದರ ಹಿಂದೆ ಗೊಂಬೆ, ಗೊಂಬೆಯ ಹಿಂದೆ ಆಯಾ. ಕುತ್ತಿಗೆಗೆ ಚೀಲ ನೇತು ಹಾಕಿಕೊಂಡ ಗುಬ್ಬಿ, "ರೈಟ್, ರೈಟ್!" ಅಂತ ಕೂಗಿದಳು. ಚೆಕಿಂಗಮ್ಮನ ಎದೆ ಒಂದು ಕ್ಷಣ ಹಿಗ್ಗಿತು, ಮರುಕ್ಷಣವೇ ಉರಿಯಿತು. ಬಸ್ಸು ತನ್ನದು, ಮೂವತ್ತೆರಡು ವರ್ಷ ತಾನು ಬೆವರು ಸುರಿಸಿದ್ದು. ಮಗುವಿನ ಜೊತೆ ಅದನ್ನೇ ಆಡಬಹುದು ಅಂತ ಮೂರು ವರ್ಷದಲ್ಲಿ ತನಗೇಕೆ ಹೊಳೆಯಲಿಲ್ಲ? ಬಂದು ಮೂರು ದಿನ ತುಂಬದವಳು ಅದರಲ್ಲಿ ಹತ್ತಿ ಕೂತೇ ಬಿಟ್ಟಳಲ್ಲ!

ಗುರುವಾರ ಗುಬ್ಬಿ ಅಜ್ಜಿಯ ಬೀರು ತೆರೆದು, ಟಿಕೆಟ್ ತೂತು ಮಾಡುವ ಹಳೇ ಪಂಚ್ ತೆಗೆದುಕೊಂಡಳು. ಮಂಚದ ಮೇಲೆ ಮಲಗಿದ್ದ ಅಜ್ಜಿ ಅರೆಗಣ್ಣಲ್ಲಿ ನೋಡಿದಳು, ಆದರೆ ಬೇಡ ಅನ್ನಲಿಲ್ಲ. ಹಾಲಿನಲ್ಲಿ ಆಯಾ, "ಅಜ್ಜೀನ ಕೇಳಿದ್ಯಾ ಪುಟ್ಟಾ? ಕೇಳದೆ ತರಬಾರದು, ವಾಪಸ್ ಇಟ್ಟು ಬಾ," ಅಂದದ್ದೂ ಕಿವಿಗೆ ಬಿತ್ತು. ಗುಬ್ಬಿ ವಾಪಸ್ ತಂದಿಟ್ಟಳು.

ಶನಿವಾರ ಸಂಜೆ ಮಗಳು ಬೇಗ ಬಂದಳು. ಆಯಾ ಚೀಲ ಹೆಗಲಿಗೇರಿಸಿ ಬಾಗಿಲ ಬಳಿ ನಿಂತಿದ್ದಳು.

"ಹೇಳಮ್ಮಾ, ಎಷ್ಟು?"

"ಐದು ಸಾಕು," ಅಂದಳು ಚೆಕಿಂಗಮ್ಮ. ಮಗಳ ಹುಬ್ಬು ಮೇಲೇರಿದ್ದು ಕಂಡು ಬಾಯಿ ತಾನಾಗಿ ಮುಂದುವರಿಯಿತು. "ಕೈ ಸರಿಯಿಲ್ಲ ಕಣೇ. ನನ್ನ ಬೀರು ತೆಗ್ದು ಪಂಚ್ ಎತ್ಕೊಂಡಿದ್ಲು."

ಆಯಾ ತಲೆ ತಗ್ಗಿಸಲಿಲ್ಲ. ನೇರವಾಗಿ ಮುದುಕಿಯ ಮುಖ ನೋಡಿದಳು. ಚೆಕಿಂಗಮ್ಮ ಕಿಟಕಿಯಾಚೆ ನೋಡಿದಳು. ಅಲ್ಲಿ ಎದುರು ಮನೆಯ ಗೋಡೆ ಬಿಟ್ಟರೆ ಏನೂ ಇರಲಿಲ್ಲ.

"ಐದಕ್ಕೆ ನನಗೆ ಆಗಲ್ಲ ಮೇಡಂ," ಅಂದಳು ಆಯಾ ಮಗಳ ಕಡೆ ತಿರುಗಿ. "ಆ ಮಾತು ಕೇಳಿದ್ಮೇಲೆ ಎಂಟಕ್ಕೂ ಆಗಲ್ಲ." ಗುಬ್ಬಿಯ ತಲೆ ಸವರಿ ಮೆಟ್ಟಿಲಿಳಿದು ಹೋದಳು.

ಭಾನುವಾರ ಬೆಳಗ್ಗೆ ಗುಬ್ಬಿ ಒಬ್ಬಳೇ ಕುರ್ಚಿಗಳನ್ನು ಎಳೆದು ಬಸ್ಸು ಕಟ್ಟಿದಳು. ಕರಡಿ, ಗೊಂಬೆ, ಆಮೇಲೊಂದು ಖಾಲಿ ಕುರ್ಚಿ. ಚೆಕಿಂಗಮ್ಮನಿಗೆ ಇದೇ ಬೇಕಿತ್ತು. ಕೋಲೂರಿಕೊಂಡು ಎದ್ದಳು, ಬೀರುವಿನಿಂದ ಪಂಚ್ ತಂದು ತಾನಾಗಿಯೇ ಮೊಮ್ಮಗಳ ಕೈಗಿಟ್ಟಳು, ಖಾಲಿ ಕುರ್ಚಿ ಹಿಡಿದು ಮೆಲ್ಲಗೆ ಕೂರಹೋದಳು.

"ಅಲ್ಲಿ ಬೇಡ! ಅದು ಆಂಟಿ ಸೀಟು."

"ಆಂಟಿ ಬರಲ್ಲ ಬಂಗಾರೀ. ನಾನು ಕೂತ್ಕೋತೀನಿ."

"ನೀನು ಕೂರಲ್ಲ ಅಜ್ಜಿ," ಅಂದಳು ಗುಬ್ಬಿ. ಸಿಟ್ಟಿನಿಂದಲ್ಲ, ತಿಳಿಯದವರಿಗೆ ತಿಳಿಸಿ ಹೇಳುವ ಹಾಗೆ. "ನೀನು ಚೆಕಿಂಗು. ಚೆಕಿಂಗ್‌ನೋರು ಕೂರಲ್ಲ. ನೀನು ಬಂದ್ರೆ ಬಸ್ ನಿಂತೋಗತ್ತೆ."

ಚೆಕಿಂಗಮ್ಮ ಕುರ್ಚಿಯ ಬೆನ್ನು ಹಿಡಿದು ಹಾಗೇ ನಿಂತಳು. ತಾನು ಕೊಚ್ಚಿಕೊಂಡ ಮಾತೇ ತಿರುಗಿ ತನ್ನ ಕೆನ್ನೆಗೆ ಬಾರಿಸಿತ್ತು. ಗುಬ್ಬಿ ಖಾಲಿ ಕುರ್ಚಿಗೂ ಒಂದು ಟಿಕೆಟ್ ಹರಿದು, ಪಂಚ್ ಮಾಡಿ, ಅದರ ಮೇಲಿಟ್ಟಳು. ಆಮೇಲೆ ಬಾಗಿಲ ಕಡೆ ನೋಡುತ್ತಾ ನಿಂತಳು. "ರೈಟ್" ಅನ್ನಲೇ ಇಲ್ಲ. ಮಧ್ಯಾಹ್ನ ಊಟವೂ ಮಾಡಲಿಲ್ಲ.

ಚೆಕಿಂಗಮ್ಮ ಮೊದಲು ಅಡುಗೆಮನೆಗೆ ಹೋಗಿ ಮಗಳಿಗೆ ನಿಜ ಹೇಳಿದಳು. ಮಗಳು ಒಲೆ ಆರಿಸಿ, ಆಯಾಳ ನಂಬರು ಒತ್ತಿ ಫೋನನ್ನು ಅಮ್ಮನ ಕೈಗೆ ಕೊಟ್ಟಳು.

"ನಾನಮ್ಮಾ, ಗುಬ್ಬಿ ಅಜ್ಜಿ. ಪಂಚ್ ತೆಗೆದಿದ್ದು ಮಗು. ನನಗೆ ಗೊತ್ತಿತ್ತು, ಗೊತ್ತಿದ್ದೇ ಸುಳ್ಳು ಹೇಳ್ದೆ."

ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.

"ಮೂರು ವರ್ಷ ಸಾಕಿದ ಮಗು ಮೂರು ದಿನಕ್ಕೆ ನಿನ್ನ ಹಿಂದೆ ಹೋಯ್ತು. ಹೊಟ್ಟೆ ಉರೀತು ಕಣೇ. ಇನ್ನೇನು ಹೇಳ್ಲಿ? ಹತ್ತು ಸಾವಿರ ತಗೋ, ಬಾ."

"ನಾನು ಕೇಳಿದ್ದು ಎಂಟು," ಅಂದಳು ಆಯಾ ಗಟ್ಟಿಯಾಗಿ.

"ಎಂಟು ಮಗಳು ಕೊಡ್ತಾಳೆ, ಮಗೂನ ನೋಡ್ಕೊಳೋದಕ್ಕೆ. ಎರಡು ನನ್ನ ಪಿಂಚಣೀದು."

"ಅದ್ಯಾವ ಕೆಲಸಕ್ಕೆ?"

ಚೆಕಿಂಗಮ್ಮ ಹಾಲಿನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. "ಆ ಬಸ್ಸಲ್ಲಿ ನನಗೊಂದು ಸೀಟು ಕೊಡ್ಸು."

ಸೋಮವಾರ ಒಂಬತ್ತಕ್ಕೆ ಆಯಾ ಬಂದಳು. ಮುದುಕಿಯ ಹತ್ತಿರ ಹೆಚ್ಚು ಮಾತಾಡಲಿಲ್ಲ, ಮನಸ್ಸಿನ ಗಾಯ ಒಂದು ದಿನಕ್ಕೆ ಆರುವುದಿಲ್ಲವಲ್ಲ. ಎರಡು ಸಾವಿರದ ಮಾತು ಎತ್ತಿದ್ದಕ್ಕೆ, "ಅದಕ್ಕೆಲ್ಲ ಸಂಬಳ ತಗೊಳಲ್ಲ ನಾನು," ಅಂದಳು ಅಷ್ಟೇ. ಬಸ್ಸು ಹೊರಟಿತು. ಕೋಣೆಯ ಬಾಗಿಲಲ್ಲಿ ಕೋಲು ಹಿಡಿದು ನಿಂತಿದ್ದ ಚೆಕಿಂಗಮ್ಮನನ್ನು ನೋಡಿ ಆಯಾ ಎದ್ದು ನಿಂತಳು.

"ಕಂಡಕ್ಟರೇ, ಈ ಅಜ್ಜಿಗೆ ಇವತ್ತು ಡ್ಯೂಟಿ ಇಲ್ವಂತೆ, ಮಂಡಿ ನೋವಂತೆ. ನನ್ನ ಸೀಟು ಕೊಡ್ತೀನಿ."

ಗುಬ್ಬಿ ಅಜ್ಜಿಯನ್ನು ಮೇಲಿಂದ ಕೆಳಗೆ ನೋಡಿ, ಬಹಳ ಹೊತ್ತು ಯೋಚಿಸಿ, ಒಂದು ಟಿಕೆಟ್ ಹರಿದಳು. ಆ ಸೀಟನ್ನೂ ಅವಳೇ ಬಿಟ್ಟುಕೊಡಬೇಕಾಯಿತಲ್ಲ ಅಂತ ಚೆಕಿಂಗಮ್ಮನ ಹೊಟ್ಟೆ ಮತ್ತೊಮ್ಮೆ ಚುರ್ ಅಂದಿತು. ಆದರೂ ಬಂದು ಕೂತಳು, ಟಿಕೆಟನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದುಕೊಂಡು.